ಫುಲ್ ಇನ್ಶೂರೆನ್ಸ್ ಅಂದ್ರ ಎಷ್ಟು ಫುಲ್?

ನಾಗನೂರಿನ ಖಂಡೆಪ್ಪ ಅರ್ಧ ಹಿಂಡು ಮಾರಿ ಹಳೆಯ ಕಾರೊಂದನ್ನು ಕೊಂಡ. ಮೊಣಕಾಲು ನೋವಿನಲ್ಲಿ ಕುರಿ ಹಿಂದೆ ಅಲೆದದ್ದು ಸಾಕು, ಊರ ಮಂದಿಯನ್ನು ಗೋಕಾಕಕ್ಕೆ, ಮಿರಜಿನ ದವಾಖಾನೆಗೆ ಬಾಡಿಗೆಗೆ ಒಯ್ದರೆ ಸಂಸಾರ ಸಾಗುತ್ತದೆ ಎಂಬುದು ಅವನ ಲೆಕ್ಕ. ಈ ಕಾರು ಕೈಕೊಟ್ಟರೆ ಉಳಿದರ್ಧ ಹಿಂಡನ್ನೂ ಮಾರಬೇಕಾಗುತ್ತಿತ್ತು. ಆದರೂ ಮನುಷ್ಯ ನಿಶ್ಚಿಂತ.

"ನಾಳೆ ವಿಮಾದ ಕಾಗದಕ್ಕ ಸಹಿ ಹಾಕಿ ಬರ್ತೇನಿ. ಫುಲ್ ಇನ್ಶೂರೆನ್ಸ್! ಏನ ಆದ್ರೂ ಕಂಪನಿ ನೋಡ್ಕೋತೈತಿ," ಎಂದು ಮೀಸೆ ತಿರುವಿದ.

ಅವನ ಅಣ್ಣನ ಮಗಳು ವಿಜಯಲಕ್ಷ್ಮಿಗೆ ಸಂಕೇಶ್ವರದ ಒಂದು ವಿಮಾ ಕಚೇರಿಯಲ್ಲಿ ಕೆಲಸ. ರಜೆಗೆ ಬಂದಿದ್ದವಳು ಚಹಾದ ಕಪ್ಪು ಕೆಳಗಿಟ್ಟಳು.

"ಕಾಕಾ, ಬಾಡಿಗಿಗೆ ಓಡಸ್ತೇನಿ ಅಂತ ಏಜಂಟಗ ಹೇಳಿದಿಯೇನ?"

"ಯಾಕ ಹೇಳ್ಲಿ? ಮನಿ ಬಳಕಿಗೆ ಅಂದ್ರ ಕಂತು ಕಡಿಮಿ."

"ಹಂಗಂದ್ರ ಬಾಡಿಗಿ ಮಂದೀನ ಕುಂದ್ರಿಸಿಕೊಂಡು ಹೋದಾಗ ಅಪಘಾತ ಆತಂದ್ರ, ಕಾರ್ ರಿಪೇರಿಗೆ ಕಂಪನಿ ರೊಕ್ಕ ಕೊಡೂದಿಲ್ಲ. ಗಾಯ ಆದವರ ಪರಿಹಾರನೂ ನಿನ್ನ ತಲಿ ಮ್ಯಾಲ ಬರಬಹುದು."

"ಸುಮ್ನಿರವಾ! ಫುಲ್ ಅಂದ್ರ ಫುಲ್."

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸತ್ತೆವ್ವ ಕೈ ನಿಲ್ಲಿಸಿದಳು. "ಅಲ್ರಿ, ಒಂದು ಟಗರು ತಗೋಳಾಕ ಹೋದ್ರ ಬಾಯಿ ತಗದು ಹಲ್ಲು ನೋಡ್ತೀರಿ, ಕಾಲು ಎತ್ತಿ ಗೊರಸು ನೋಡ್ತೀರಿ. ಮಾರೂ ಮನುಷ್ಯಾ ಎಷ್ಟ ಹೊಗಳಿದ್ರೂ ನಂಬೂದಿಲ್ಲ. ಇದನ್ನ ಯಾಕ ಹಂಗ ನಂಬಿದ್ರಿ?"

ಸಂತೆಯಲ್ಲಿ ಖಂಡೆಪ್ಪನಷ್ಟು ಚೌಕಾಶಿ ಮಾಡುವವರು ಇನ್ನೊಬ್ಬರಿರಲಿಲ್ಲ. ಅಂಥವನು ಒಂದು ಪ್ರಶ್ನೆಯನ್ನೂ ಕೇಳದೆ ಹೂಂ ಅಂದಿದ್ದ. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಮೂವರೂ ಗೋಕಾಕಕ್ಕೆ ಹೋದರು. ಏಜಂಟ ಪೆನ್ನು ಮುಂದೆ ಚಾಚಿದ. ಖಂಡೆಪ್ಪ ಮುಟ್ಟಲಿಲ್ಲ.

"ಇದರಾಗ ಏನ ಬರತೈತಿ ಅನ್ನೂದು ಆಮ್ಯಾಲ. ಏನ ಬರೂದಿಲ್ಲ, ಅದನ್ನ ಮೊದಲ ಹೇಳ್ರಿ."

ಏಜಂಟ ನಕ್ಕ. "ಹಿಂಗ ಕೇಳಿದವರು ನೀವ ಮೊದಲನೇದವರು ನೋಡ್ರಿ." ಆಮೇಲೆ ಒಂದೊಂದೇ ಬಿಡಿಸಿ ಹೇಳಿದ. ಬರೀ ಥರ್ಡ್ ಪಾರ್ಟಿ ವಿಮೆಯಾದರೆ ಎದುರಿನವರ ನಷ್ಟಕ್ಕೆ ಮಾತ್ರ, ನಿಮ್ಮ ಕಾರಿಗಿಲ್ಲ. ಕುಡಿದು ಓಡಿಸಿದರೆ, ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೆ ಫುಲ್ ವಿಮೆಯಲ್ಲೂ ನಿಮ್ಮ ಕಾರಿನ ನಷ್ಟ ಸಿಗುವುದಿಲ್ಲ. ಮಳೆಗಾಲದಲ್ಲಿ ಮುಳುಗಿದ ಸೇತುವೆಗೆ ಕಾರು ಇಳಿಸಿ ಇಂಜಿನ್ ಕೆಟ್ಟರೆ, ಅದಕ್ಕೆ ಬೇರೆಯೇ ರಕ್ಷಣೆ ಸೇರಿಸಿಕೊಂಡಿರಬೇಕು. ಬಾಡಿಗೆಗಾದರೆ ಹಳದಿ ಬೋರ್ಡು, ಅದಕ್ಕೆ ತಕ್ಕ ವಿಮೆ ಬೇಕೇ ಬೇಕು.

ಖಂಡೆಪ್ಪ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಹಳದಿ ಬೋರ್ಡಿಗೆ ಅರ್ಜಿ ಹಾಕಿದ. ಅದು ಬರುವವರೆಗೆ ಮನೆ ಬಳಕೆಯ ವಿಮೆ ಮಾಡಿಸಿ, ಬಾಡಿಗೆ ಬೇಡವೆಂದು ತೀರ್ಮಾನಿಸಿದ.

ಆ ವಾರವೇ ಬಾಜೂ ಮನೆಯ ಮುರಿಗೆಪ್ಪ ಓಡೋಡಿ ಬಂದ. "ಖಂಡೆಪ್ಪಾ, ಅವ್ವಗ ಭಾಳ ತ್ರಾಸ ಆಗೇತಿ. ಮಿರಜಕ್ಕ ಒಯ್ಯೋ. ಎಷ್ಟ ಬಾಡಿಗಿ ಅಂತಿ ಅಷ್ಟ ಕೊಡ್ತೇನಿ."

ಕೈಗೆ ಬಂದ ಮೊದಲ ಬಾಡಿಗೆ. ಖಂಡೆಪ್ಪ ಒಂದು ಗಳಿಗೆ ಸತ್ತೆವ್ವನ ಮುಖ ನೋಡಿದ.

"ರೊಕ್ಕ ಒಳಗ ಇಡು ಮಾರಾಯಾ. ನಿಮ್ಮವ್ವ ನನಗೂ ಅವ್ವ ಇದ್ದಂಗ. ಹಳದಿ ಬೋರ್ಡು ಬರಲಿ, ಆಮ್ಯಾಲ ಬಾಡಿಗಿ ಬಿಡೂದಿಲ್ಲ ನೋಡು!"

ಅಳುವ ಸ್ಥಿತಿಯಲ್ಲಿದ್ದ ಮುರಿಗೆಪ್ಪನೂ ನಕ್ಕುಬಿಟ್ಟ. ಮುದುಕಿ ಹುಷಾರಾಗಿ ಮನೆಗೆ ಮರಳಿದಳು. ಬೋರ್ಡು, ಹೊಸ ವಿಮೆ ಎರಡೂ ಬಂದ ದಿನ ಖಂಡೆಪ್ಪನ ಕಾರಿನಲ್ಲಿ ಮೊದಲು ಕುಳಿತು, ಬಾಡಿಗೆಯನ್ನು ಅವನ ಕೈಯಲ್ಲಿ ಒತ್ತಿಟ್ಟವಳೂ ಅವಳೇ.

ಅಕ್ಕಂದಿರೇ, ಅಣ್ಣಂದಿರೇ, ಕಾರಿನ ವಿಮೆ ಕೊಳ್ಳುವ ಮುಂಚೆ ಕಾರನ್ನು ಯಾವುದಕ್ಕೆ ಬಳಸುತ್ತೀರೋ ಅದನ್ನು ಮುಚ್ಚಿಡದೆ ಹೇಳಿ. "ಇದರಲ್ಲಿ ಯಾವುದು ಬರುವುದಿಲ್ಲ?" ಎಂದು ಬಾಯಿ ಬಿಟ್ಟು ಕೇಳಿ. ಓದಲು ಬಾರದಿದ್ದರೆ ಓದಿಸಿ. ಉತ್ತರ ತಿಳಿಯುವವರೆಗೂ ಸಹಿ ಹಾಕಬೇಡಿ.