ಒದ್ದೆಯಾಗದೆ ಬಂದವಳು

ಯಾರನ್ನೇ ಆಗಲಿ ಮುಟ್ಟುವ ಮುನ್ನ ಆಕೆ ತನ್ನನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಬಲಗೈಯನ್ನು ಹಿಂದಕ್ಕೆ ಒಯ್ದು, ಗಂಟು ಹಾಕಿದ ಕೂದಲಿನ ಕೆಳಗೆ, ಕತ್ತಿನ ಹಿಂಭಾಗಕ್ಕೆ ಅಂಗೈ ಒತ್ತಿ, ಏನನ್ನೋ ಆಲಿಸುವವಳಂತೆ ಕ್ಷಣಕಾಲ ಕಣ್ಣು ಮುಚ್ಚಿ ನಿಲ್ಲುವಳು. ಕತ್ತು ಜುಮ್ಮೆಂದರೆ ಕೈ ಇನ್ನೂ ತಣ್ಣಗಿದೆ ಎಂದರ್ಥ. ಆಗ ಮಲಗಿದವರು ಎಷ್ಟೇ ನರಳಲಿ, ಮನೆಯವರು ಎಷ್ಟೇ ಗೊಣಗಲಿ, ಎರಡೂ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತುಬಿಡುವಳು. "ನೋವಿರೋ ಮೈಗೆ ಚಳಿ ಬೇರೆ ಕೊಡಬೇಕಾ?" ಎನ್ನುವುದಷ್ಟೇ ಆಕೆಯ ಸಮಜಾಯಿಷಿ.

ಆಕೆ ಮನೆಮನೆಗೆ ಹೋಗುವ ನರ್ಸು. ಗಾಯದ ಪಟ್ಟಿ ಬದಲಿಸುವುದು, ಇಂಜೆಕ್ಷನ್ ಕೊಡುವುದು, ಹಸುಗೂಸುಗಳನ್ನು ತೂಗುವುದು ಆಕೆಯ ಕೆಲಸ. ಸೈಕಲ್ಲಿನ ಕ್ಯಾರಿಯರಿಗೆ ಬಿಗಿದ ತಗಡಿನ ಡಬ್ಬಿಯಲ್ಲಿ ಸ್ಪ್ರಿಂಗ್ ತಕ್ಕಡಿ ಸದಾ ಇರುತ್ತಿದ್ದುದರಿಂದ ನಮ್ಮ ಬೀದಿಯವರು ತೂಕದಮ್ಮ ಎಂದು ಕರೆಯುತ್ತಿದ್ದರು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಸೈಕಲ್ಲಿನಿಂದ ಇಳಿದ ಮೇಲೂ ಮೊದಲ ಹತ್ತು ಹೆಜ್ಜೆ ಮೊಣಕಾಲುಗಳು ಪೆಡಲು ತುಳಿಯುತ್ತಲೇ ಇರುತ್ತಿದ್ದವು, ಕಾಲುಗಳಿಗೆ ಸುದ್ದಿ ತಡವಾಗಿ ಮುಟ್ಟಿದ ಹಾಗೆ. ಯಾರು ಯಾವ ಗೋಳನ್ನೇ ತೋಡಿಕೊಳ್ಳಲಿ, ಕಡೆಯ ತನಕ ಕೇಳಿಸಿಕೊಂಡು "ಆಯ್ತು, ಮುಂದೆ?" ಎನ್ನುವಳು. ಮೊದಮೊದಲು ನನಗಿದು ಕಲ್ಲು ಮನಸ್ಸಿನ ಮಾತಾಗಿ ಕೇಳಿಸಿತ್ತು. ನನ್ನ ಯಜಮಾನರು ತೀರಿಕೊಂಡ ಕಥೆಯನ್ನು ಒಂದು ದಿನ ನಾನೂ ಹೇಳಿಕೊಂಡೆ. ಆಕೆ ಹಾಗೆಯೇ ಅಂದಳು. ನನ್ನ ಬಾಯಿಂದ ಮತ್ತೆ ಹೊಲಿಗೆ ಮೆಷಿನ್ನು ಕೊಂಡದ್ದು, ಮೊಮ್ಮಗಳನ್ನು ಸಾಕಿದ್ದು ಎಲ್ಲ ಸಾಲಾಗಿ ಹೊರಬಂತು. ಹೇಳಲು ಅಷ್ಟೊಂದು ಉಳಿದಿತ್ತೆಂದು ನನಗೇ ತಿಳಿದಿರಲಿಲ್ಲ.

ನಮ್ಮ ಬೆಟ್ಟದ ಕಡೆ ಚಳಿಗಾಲದಲ್ಲಿ ಮಳೆಯೂ ಚಳಿಯೂ ಮಾತಾಡಿಕೊಂಡವರ ಹಾಗೆ ಜೊತೆಯಾಗಿಯೇ ಬರುತ್ತವೆ. ಆಕೆಯ ಆರೋಗ್ಯ ಕಚೇರಿಯ ಜೀಪು ಇತ್ತು, ಆದರೆ ಅದು ದೊಡ್ಡ ರಸ್ತೆಯಲ್ಲಷ್ಟೇ ಓಡಾಡುವ ಜೀಪು. ನಮ್ಮ ಓಣಿಗಳಿಗೆ ಸೈಕಲ್ಲೇ ಗತಿ. ಆ ಕಾಲದಲ್ಲಿ ಆಕೆ ಹೊರಡುವುದೆಂದರೆ ಸಣ್ಣ ದಂಡಯಾತ್ರೆ. ಮೈಗೆ ತಾಗುವಂತೆ ತೆಳ್ಳನೆಯ ಉಣ್ಣೆಯಂಗಿ, ಅದರ ಮೇಲೆ ಎದೆಗೆ ಮಾತ್ರ ಹಿಂದಿನ ದಿನದ ಪೇಪರಿನ ನಾಲ್ಕು ಮಡಿಕೆ, ಅದರ ಮೇಲೊಂದು ಸ್ವೆಟರು, ಎಲ್ಲದರ ಮೇಲೆ ತೇಪೆಗಳೇ ಹೆಚ್ಚಾದ ಹಳೆಯ ಮಳೆಕೋಟು. ಕಾಲುಚೀಲದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ತೊಟ್ಟು ಆಮೇಲೆ ಬೂಟು. ಹನಿ ಕಣ್ಣಿಗೆ ಬೀಳದಿರಲೆಂದು ಕೋಟಿನ ಟೊಪ್ಪಿಗೆಯೊಳಗೆ ಇನ್ನೊಂದು ಅಂಚಿನ ಟೋಪಿ. ಹ್ಯಾಂಡಲಿನ ಎರಡೂ ಹಿಡಿಗಳಿಗೆ ಹಳೆಯ ರಜಾಯಿಯ ತುಂಡಿನಿಂದ ನಾನೇ ಹೊಲಿದುಕೊಟ್ಟ ಗೂಡುಗಳಿದ್ದವು; ಕೈಗಳನ್ನು ಅವುಗಳೊಳಗೆ ತೂರಿಸಿ ಬ್ರೇಕು ಹಿಡಿಯುವಳು. ಹಿಂದಿನ ಮಡ್‌ಗಾರ್ಡಿಗೆ ಹರಿದ ಬೂಟಿನ ರಬ್ಬರನ್ನು ನೆಲ ಸವರುವಷ್ಟು ಉದ್ದಕ್ಕೆ ಜೋತುಬಿಟ್ಟಿದ್ದಳು. "ಮೇಲಿಂದ ಬರೋ ನೀರಿಗಿಂತ ಕೆಳಗಿಂದ ಏಳೋ ನೀರೇ ಕಿಲಾಡಿ" ಎಂಬುದು ಆಕೆಯ ಅನುಭವ.

"ಊರ ಸುದ್ದಿನ ಮನಸ್ಸಿಗೆ ಹಚ್ಚಿಕೋಬೇಡ ಅಂತಾರೆ. ನೀನು ಮೈಗೇ ಹಚ್ಚಿಕೊಂಡಿದ್ದೀಯಲ್ಲ," ಎಂದು ನಾನೊಮ್ಮೆ ಆ ಪೇಪರು ನೋಡಿ ನಕ್ಕಿದ್ದೆ.

"ಸುದ್ದಿ ಹೇಗಾದ್ರೂ ಇರಲಿ ಅಮ್ಮ, ಕಾಗದ ಒಳ್ಳೇದು."

ಎರಡು ಮನೆಯಾಚೆ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳುವ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಆಕೆ ಬಾಗಿಲಲ್ಲಿ ನಿಂತು ಒಂದೊಂದೇ ಪದರ ಕಳಚುವುದನ್ನು ನೋಡಿ ನೋಡಿ ಅವರಿಗೆ ರೇಗಿಹೋಯಿತು. "ನೀವು ನರ್ಸೋ ಈರುಳ್ಳಿಯೋ?" ಎಂದರು. "ಈರುಳ್ಳಿ ಆಗಿದ್ರೆ ಇಷ್ಟು ಹೊತ್ತಿಗೆ ನೀವು ಅಳ್ತಿದ್ರಿ ಮೇಷ್ಟ್ರೇ," ಎಂದು ಕೋಟನ್ನು ಮೊಳೆಗೆ ನೇತುಹಾಕಿ, ಆಕೆ ಕತ್ತು ಮುಟ್ಟಿ ನೋಡಿಕೊಂಡಳಂತೆ. ಮೇಷ್ಟ್ರೇ ಇದನ್ನು ಬೀದಿಗೆಲ್ಲ ಹೇಳಿಕೊಂಡು ತಿರುಗಿದರು, ಹುಣ್ಣು ಮಾಯ್ದ ಮೇಲೆ.

ಆ ವರ್ಷ ನನ್ನ ಮೊಮ್ಮಗಳಿಗೆ ಎರಡು ತಿಂಗಳು ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು, ನನ್ನ ಅಂಗೈಯಿಂದ ಮೊಣಕೈವರೆಗಿನ ಉದ್ದ. ಆಸ್ಪತ್ರೆಯವರು ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟು, ತಾಯಿಯ ಎದೆಯ ಕಾವಿನಲ್ಲೇ ಬೆಳೆಸಿ ಎಂದು ಮನೆಗೆ ಕಳಿಸಿದ್ದರು. ಮೊಮ್ಮಗಳು ಕೂಸನ್ನು ಬರಿಮೈಗೆ ಅಂಟಿಸಿಕೊಂಡು, ಮೇಲೆ ಉಣ್ಣೆಯ ಪಟ್ಟಿ ಸುತ್ತಿಕೊಂಡು, ಕೂತಲ್ಲೇ ನಿದ್ದೆ, ಕೂತಲ್ಲೇ ಊಟ. ಗಂಡ ಕೆಲಸಕ್ಕೆ ಹೊರಟನೆಂದರೆ ಹಗಲೆಲ್ಲ ನಾವಿಬ್ಬರೇ. ಸೋಮವಾರ, ಗುರುವಾರ ತೂಕದಮ್ಮ ಬಂದು ತೂಗಬೇಕು. ತೂಗುವ ಜೋಲಿಯ ಬಟ್ಟೆಯನ್ನು ಆಕೆ ಡಬ್ಬಿಯಲ್ಲಿ ಇಡುತ್ತಲೇ ಇರಲಿಲ್ಲ. ಉಣ್ಣೆಯಂಗಿಯ ಒಳಗೆ, ಹೊಟ್ಟೆಗೆ ಸುತ್ತಿಕೊಂಡು ತರುತ್ತಿದ್ದಳು. ಒಂದು ಮೈಯಿಂದ ಬಿಡಿಸಿದ ಕೂಸನ್ನು ಇನ್ನೊಂದು ಮೈಯ ಬಿಸಿಯಿದ್ದ ಬಟ್ಟೆಗೆ ಹಾಕುವಳು. ಕೂಸಿಗೆ ನಡುವೆ ಏನಾಯಿತೆಂದೇ ತಿಳಿಯುತ್ತಿರಲಿಲ್ಲ.

ಒಂದು ಸೋಮವಾರ ತಕ್ಕಡಿಯ ಮುಳ್ಳು ಹಿಂದಿನ ಸಲಕ್ಕಿಂತ ಎರಡು ಗೀರು ಕೆಳಗೆ ನಿಂತಿತು. ನನಗೆ ಅಕ್ಷರ ಅಷ್ಟಕ್ಕಷ್ಟೆ, ಆದರೆ ಆಯಸ್ಸೆಲ್ಲ ಅಳತೆಪಟ್ಟಿ ಹಿಡಿದವಳು. ಗೀರು ಇಳಿದದ್ದು ಆಕೆ ಹೇಳುವ ಮೊದಲೇ ಕಂಡಿತು.

"ಗುರುವಾರನೂ ಇಳಿದ್ರೆ ವಾಪಸ್ ಪೆಟ್ಟಿಗೆಗೆ," ಎಂದಳು ಆಕೆ. "ಅಲ್ಲೀವರೆಗೂ ಎರಡು ಗಂಟೆಗೊಂದು ಸಲ ಎಬ್ಬಿಸಿ ಕುಡಿಸು."

"ನಾನೇ ಸರಿಯಾಗಿ ನೋಡಿಕೊಳ್ತಿಲ್ವಾ ಸಿಸ್ಟರ್?" ಎಂದು ಮೊಮ್ಮಗಳು ಕಣ್ಣೊರೆಸಿಕೊಂಡಳು.

"ಆಯ್ತು, ಮುಂದೆ? ಎರಡು ಗಂಟೆಗೊಂದು ಸಲ."

ಆ ದಿನ ಆಕೆಯ ಹಳೆಯ ಕೋಟಿನ ಭುಜ ಸೋರುತ್ತಿದ್ದುದನ್ನು ನಾನು ಗಮನಿಸಿದೆ. ಕೂಸಿಗೆ ಹಾಲೂಡಿಸಲು ನನ್ನಿಂದಾಗದು, ಆದರೆ ಕೈಯಲ್ಲೊಂದು ಕಸುಬಿತ್ತು. ಆಸ್ಪತ್ರೆಯ ಹಾಸಿಗೆಗೆ ಹಾಕುವಂಥ ರಬ್ಬರು ಬಟ್ಟೆ ತರಿಸಿದೆ. ಎರಡು ದಿನ ಮೆಷಿನ್ನಿನ ಮೇಲಿಂದ ಏಳಲಿಲ್ಲ. ಪ್ರತಿ ಹೊಲಿಗೆಯನ್ನೂ ಇಮ್ಮಡಿ ಹಾಕಿ, ದಾರದ ಮೇಲೆ ಮೇಣ ತಿಕ್ಕಿ, ಮುಂಗೈಗೂ ಸೊಂಟಕ್ಕೂ ಎಲಾಸ್ಟಿಕ್ ಕೊಟ್ಟು, ಕತ್ತನ್ನು ಗಲ್ಲದವರೆಗೆ ಏರಿಸಿದೆ. ಬುಧವಾರ ಆಕೆಯನ್ನು ಬೀದಿಯಲ್ಲಿ ತಡೆದು ನಿಲ್ಲಿಸಿ ತೊಡಿಸಿದೆ. ನನ್ನ ಕೈಯಿಂದ ಅಷ್ಟು ಅಚ್ಚುಕಟ್ಟಾದ ಕೆಲಸ ಹಿಂದೆಂದೂ ಬಂದಿರಲಿಲ್ಲ.

ಆಕೆ ತೋಳುಗಳನ್ನು ಮೇಲೆತ್ತಿ, ಇಳಿಸಿ, ಮೆಲ್ಲಗೆ ಕೇಳಿದಳು: "ಗಾಳಿ ಎಲ್ಲಿಂದ ಹೋಗುತ್ತಮ್ಮ?"

"ಗಾಳಿ ಬರಬಾರದು ಅಂತಲೇ ತಾನೇ ಹೊಲಿದದ್ದು?"

ಬೇರೆ ಯಾರಾದರೂ ಹೊಲಿದುಕೊಟ್ಟಿದ್ದರೆ ಆಕೆ ಕೋಟನ್ನು ಅಲ್ಲೇ ಕಳಚಿ ಕೊಡುತ್ತಿದ್ದಳು. ಈ ಮುದುಕಿಯ ಮನಸ್ಸು ನೋಯುವುದೆಂದು ತೊಟ್ಟುಕೊಂಡೇ ಹೋದಳು. ನಾನು ಕಂಡಂತೆ ಆಕೆ ತನ್ನ ಹಟ ಬಿಟ್ಟುಕೊಟ್ಟದ್ದು ಅದೊಂದೇ ಸಲ.

ಗುರುವಾರ ಬೆಳಗ್ಗೆ ಜಡಿಮಳೆ. ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಕೋಟಿನ ಹೊರಗೆ ನೀರು ಮುತ್ತಿನಂತೆ ಜಾರುತ್ತಿತ್ತು. ನಾನು ಹೆಮ್ಮೆಯಿಂದ ಗುಂಡಿ ಬಿಚ್ಚಿದೆ. ಒಳಗಿನಿಂದ ಹಬೆ ಎದ್ದಿತು. ಸ್ವೆಟರು, ಪೇಪರು, ಉಣ್ಣೆ, ಎಲ್ಲ ತೊಯ್ದು ತೊಪ್ಪೆ. ಮಳೆಯ ಒಂದು ಹನಿಯನ್ನೂ ನನ್ನ ಕೋಟು ಒಳಗೆ ಬಿಟ್ಟಿರಲಿಲ್ಲ, ಬೆವರಿನ ಒಂದು ಹನಿಯನ್ನೂ ಹೊರಗೆ ಬಿಟ್ಟಿರಲಿಲ್ಲ. ಏರಿನಲ್ಲಿ ತುಳಿದು ಬೆವತವಳು ರೈಲ್ವೆ ಗೇಟಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದಳಂತೆ. ಆ ಬೆವರೆಲ್ಲ ಮೈಮೇಲೆಯೇ ತಣ್ಣಗಾಗಿತ್ತು. ಹೊಟ್ಟೆಯಿಂದ ಜೋಲಿ ಬಿಚ್ಚಿದಳು. ಅದರಿಂದ ನೀರು ಹಿಂಡಬಹುದಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು.

ನನ್ನ ಒಣಬಟ್ಟೆ ಉಡಿಸಿ ಒಲೆಯ ಹತ್ತಿರ ಕೂರಿಸಿದೆವು. ಒಂದು ಗಂಟೆ ಕಳೆದರೂ ನಡುಕ ನಿಲ್ಲಲಿಲ್ಲ.

"ನಮ್ಮ ಟವೆಲಲ್ಲೇ ತೂಗಿಬಿಡಿ ಸಿಸ್ಟರ್, ನಾನೇ ಬಿಸಿ ಮಾಡಿ ಕೊಡ್ತೀನಿ," ಎಂದು ಮೊಮ್ಮಗಳು ಅಂಗಲಾಚಿದಳು.

"ಟವೆಲು ಬಿಸಿ ಆಗುತ್ತಮ್ಮ. ಈ ಕೈ ನೋಡು. ಮುಳ್ಳು ನಿಲ್ಲಲ್ಲ, ಕೂಸೂ ನಿಲ್ಲಲ್ಲ. ಇವತ್ತು ನಾನು ಮುಟ್ಟೋದಿಲ್ಲ."

ಡಾಕ್ಟರಿಗೆ ಫೋನು ಮಾಡಿದಳು. ನಾಳೆ ಮಧ್ಯಾಹ್ನದೊಳಗೆ ತೂಕ ಗೊತ್ತಾಗದಿದ್ದರೆ ಮಗುವನ್ನು ಆಸ್ಪತ್ರೆಗೇ ತರಬೇಕೆಂದರು ಅವರು. ಆ ಹವೆಯಲ್ಲಿ ಅಷ್ಟು ದೂರ ಒಯ್ಯುವುದೆಂದರೆ, ಉಳಿಸಿಕೊಳ್ಳಲು ಹೊರಟು ಕಳೆದುಕೊಳ್ಳುವ ಹಾಗೆ. ನಾನು ನೆಲ ನೋಡುತ್ತ ಕೂತಿದ್ದೆ. ಯಾರಾದರೂ ನನ್ನನ್ನು ಒಂದು ಮಾತು ಬೈದಿದ್ದರೆ ಹಗುರವಾಗುತ್ತಿತ್ತು.

"ಅಮ್ಮ, ಕತ್ತರಿ ತಗೊಂಡು ಬನ್ನಿ," ಎಂದಳು ಆಕೆ.

ನಾನು ಹೊಲಿದ ಕೋಟಿನ ಮೇಲೆ ಸೀಮೆಸುಣ್ಣದಿಂದ ತಾನೇ ಗೆರೆ ಎಳೆದಳು. ಎರಡು ಕಂಕುಳಲ್ಲೂ ಗೇಣುದ್ದ. ಬೆನ್ನಿಗೆ ಅಡ್ಡಲಾಗಿ ಒಂದು ಸೀಳು, ಅದರ ಮೇಲೆ ಸೂರಿನಂತೆ ಚಾಚಿದ ಪಟ್ಟಿ. ಕತ್ತಿನ ಮುಂದೆ ತೆರೆದು ಮುಚ್ಚಬಹುದಾದ ಒಂದು ಬಾಯಿ. ನಾನು ಮೇಣ ತಿಕ್ಕಿದ ಹೊಲಿಗೆಗಳ ಮೇಲೆ ನಾನೇ ಕತ್ತರಿ ಆಡಿಸಿದೆ. "ಹೊರಡುವಾಗ ಸ್ವಲ್ಪ ಚಳಿ ಆಗಬೇಕಮ್ಮ," ಎಂದು ಆಕೆ ತಾಳ್ಮೆಯಿಂದ ತಿಳಿಸಿ ಹೇಳಿದಳು, "ಬಾಗಿಲಲ್ಲೇ ಬೆಚ್ಚಗಿದ್ರೆ ದಾರೀಲಿ ಬೆವರು. ಬೆವರಿ ನಿಂತರೆ ಕಥೆ ಮುಗೀತು." ಇಪ್ಪತ್ತು ವರ್ಷ ಆಕೆ ಮೈಮೇಲೆ ಬರೆದುಕೊಂಡ ಪಾಠ ಅದು. ನಾನು ಒಂದು ಸಲವಾದರೂ ಕೇಳಿ ಹೊಲಿಯಬಹುದಿತ್ತು.

ಶುಕ್ರವಾರ ಬೆಳಕು ಹರಿದಾಗ ಮಳೆಯೊಡನೆ ಹಿಮವೂ ಸೇರಿ ಸುರಿಯುತ್ತಿತ್ತು. ಒಂಬತ್ತಕ್ಕೆ ಕಚೇರಿಯಿಂದ ಫೋನು: "ಇವತ್ತು ಯಾವ ನರ್ಸೂ ಹೊರಡೋದಿಲ್ಲ. ಸೋಮವಾರ ನೋಡೋಣ." ಮೊಮ್ಮಗಳು ಚೀಲಕ್ಕೆ ಕೂಸಿನ ಬಟ್ಟೆ ತುಂಬತೊಡಗಿದಳು. ಹನ್ನೊಂದರವರೆಗೆ ಕಾಯೋಣ ಎಂದೆ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಸೈಕಲ್ಲಿನ ಸ್ಟ್ಯಾಂಡ್ ಎಳೆದ ಸದ್ದಾಯಿತು.

ಅರ್ಧ ಗಂಟೆಯ ದಾರಿಗೆ ಆಕೆ ಎರಡು ಗಂಟೆ ತೆಗೆದುಕೊಂಡಿದ್ದಳು. ಏರು ಬಂದಲ್ಲೆಲ್ಲ ಇಳಿದು, ಅವಸರವಿಲ್ಲದವಳಂತೆ ಸೈಕಲ್ಲು ತಳ್ಳಿದ್ದಳು. ಮೈ ಬಿಸಿಯೇರಿತೆನ್ನಿಸಿದಾಗ ಕತ್ತಿನ ಬಾಯಿ ತೆರೆದಳು, ಗೇಟಿನಲ್ಲಿ ನಿಂತಾಗ ಮುಚ್ಚಿದಳು. ಕೂಸಿನ ಚಿಂತೆ ಓಡು ಓಡು ಎಂದು ಬೆನ್ನಿಗೆ ಗುದ್ದುತ್ತಿರುವಾಗ ಎರಡು ಗಂಟೆ ನಿಧಾನವಾಗಿ ನಡೆಯಲು ಎಂಥ ಬಿಗಿಯಾದ ಮನಸ್ಸು ಬೇಕೆಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

"ಕಚೇರಿಯವರು ಬೇಡ ಅಂದ್ರಂತಲ್ಲ?" ಎಂದೆ ಕೋಟು ತೆಗೆದುಕೊಳ್ಳುತ್ತ.

"ಫೋನು ಡಬ್ಬೀಲಿತ್ತು. ಡಬ್ಬಿ ಗಟ್ಟಿ, ಕೇಳಿಸಲಿಲ್ಲ."

ಒಳಗಿನ ಸ್ವೆಟರನ್ನು ಕದ್ದು ಮುಟ್ಟಿ ನೋಡಿದೆ. ಒಣಗಿತ್ತು. ಜೋಲಿ ಆಗತಾನೇ ಇಸ್ತ್ರಿ ಮಾಡಿದಂತೆ ಬಿಸಿಯಾಗಿತ್ತು. ಆಕೆ ಕತ್ತು ಮುಟ್ಟಿ ನೋಡಿಕೊಂಡು, ಕೂಸನ್ನು ಮೊಮ್ಮಗಳ ಎದೆಯಿಂದ ಬಿಡಿಸಿ, ಜೋಲಿಗಿಳಿಸಿ, ಬಾಗಿಲ ಚೌಕಟ್ಟಿನ ಕೊಕ್ಕೆಗೆ ತೂಗುಹಾಕಿದಳು. ಕೂಸು ತುಟಿ ಚಪ್ಪರಿಸಿತು, ಎಚ್ಚರವಾಗಲಿಲ್ಲ. ಮುಳ್ಳು ಅತ್ತಿತ್ತ ತುಯ್ದು ನಿಂತಿತು. ಸೋಮವಾರಕ್ಕಿಂತ ಮೂರು ಗೀರು ಮೇಲೆ. ಆಕೆ ಕೆಳಗಿಳಿಸಿ, ಮತ್ತೆ ತೂಗಿ, ಮತ್ತೆ ಮೂರೇ ಎಂದು ಖಾತ್ರಿ ಮಾಡಿಕೊಂಡು ಡಾಕ್ಟರಿಗೆ ಹೇಳಿದಳು. ಪೆಟ್ಟಿಗೆ ಬೇಡ, ಮನೆಯಲ್ಲೇ ಇರಲಿ ಎಂದರು. ಮೊಮ್ಮಗಳು ತುಂಬಿದ ಚೀಲದಿಂದ ಪುಟ್ಟ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಹರವುತ್ತ ಕೂತಳು, ಆಗಷ್ಟೇ ಕೊಂಡುತಂದವಳಂತೆ. ತೂಕದಮ್ಮ ಆಗಲೇ ಬೂಟಿಗೆ ಕಾಲು ತೂರಿಸುತ್ತಿದ್ದಳು.

ನಮಗಾಗಿ ಒದ್ದೆಮುದ್ದೆಯಾಗಿ ಓಡಿಬಂದವರನ್ನು ಕಂಡರೆ ನಮ್ಮ ಕರುಳು ಚುರುಕ್ಕೆನ್ನುತ್ತದೆ. ಟವೆಲು ಕೊಡುತ್ತೇವೆ, ನಾಲ್ಕು ಜನರೆದುರು ಕೊಂಡಾಡುತ್ತೇವೆ. ಒಣಮೈಯಲ್ಲಿ ಬಂದವರನ್ನು ಕಂಡಾಗ ದಾರಿ ಸಲೀಸಾಗಿತ್ತೆಂದುಕೊಂಡು ಸುಮ್ಮನಾಗುತ್ತೇವೆ. ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ತಮ್ಮ ದೇಹವನ್ನು ಪಾತ್ರೆಯಂತೆ ಬೆಳಗಿ, ಕಾಯಿಸಿ, ಮುಚ್ಚಿಕೊಂಡು ತರುವ ಜನ ಲೋಕದಲ್ಲಿ ಕೆಲವರಿದ್ದಾರೆ. ಅವರು ಪಟ್ಟ ಪಾಡೆಲ್ಲ ನಮ್ಮ ಹೊಸಿಲಿನ ಆಚೆಗೇ ಮುಗಿದುಹೋಗಿರುತ್ತದೆ. ಅವರು ಬಂದುಹೋದದ್ದಕ್ಕೆ ನೆಲದ ಮೇಲೆ ಒದ್ದೆ ಹೆಜ್ಜೆಯ ಗುರುತೂ ಉಳಿಯುವುದಿಲ್ಲ. ನಿದ್ದೆ ಹೋದವರು ನಿದ್ದೆಯಲ್ಲೇ ಇರುತ್ತಾರೆ.