ರಾಹುಕಾಲದ ರೀಸ್ಟಾರ್ಟ್

ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ನಮ್ಮ ಮಾಲೀಕರು ಅನಂತರಾಜು ಸರ್ವರ್ ನಿಲ್ಲಿಸಲು ಬಿಡುವುದಿಲ್ಲ. ಸತ್ಯಮಂಗಲದಲ್ಲಿ ಸಾಫ್ಟ್‌ವೇರ್ ಕಂಪನಿ ಇಟ್ಟುಕೊಂಡ ಮನುಷ್ಯ ಹೀಗಾಡುತ್ತಾರೆಂದರೆ ಯಾರೂ ನಂಬುವುದಿಲ್ಲ. ನಾನು ಮಾತ್ರ ಆರು ವರ್ಷದಿಂದ ಅಲ್ಲೇ ಏಗುತ್ತಿದ್ದೇನೆ.

ಆ ಶುಕ್ರವಾರ ಒಂದು ಟ್ರಸ್ಟಿನ ಉಚಿತ ನರ್ಸಿಂಗ್ ಸೀಟಿಗೆ ಅರ್ಜಿ ಹಾಕಲು ಕೊನೆಯ ದಿನ. ಅರ್ಜಿ ತುಂಬುವ ಪುಟ ಓಡುತ್ತಿದ್ದುದು ನಮ್ಮ ಸರ್ವರ್ ಮೇಲೆ, ಹನ್ನೆರಡಕ್ಕೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಹನ್ನೊಂದಕ್ಕೆ ಕುಣಿಗಲ್‌ನ ಸೈಬರ್ ಸೆಂಟರಿನಿಂದ ಅಣ್ಣನ ಮಗಳು ಮಾನಸಾ ಫೋನ್ ಮಾಡಿದಳು. ಅವಳ ಆದಾಯ ಸರ್ಟಿಫಿಕೇಟ್ ಹಿಂದಿನ ಸಂಜೆಯಷ್ಟೇ ಕೈಗೆ ಬಂದಿತ್ತು.

“ಅತ್ತೆ, ಫೋಟೊ ಹಾಕಿದ ತಕ್ಷಣ ಎರರ್ ಬರ್ತೈತೆ. ಆರು ಸಲ ಮಾಡ್ದೆ.”

ಕಾರಣ ನನಗೆ ಗೊತ್ತಿತ್ತು. ನಮ್ಮ ಸರ್ವರ್ ಮಷೀನಿನಲ್ಲಿರುವುದು ಒಟ್ಟು ಎಂಟು ಜಿಬಿ ಮೆಮೊರಿ. ಅದರಲ್ಲಿ ಅರ್ಜಿಯ ಆ್ಯಪ್‌ಗೆ ಬಿಟ್ಟಿದ್ದು ಎರಡು. ಕೊನೆಯ ದಿನದ ನೂಕುನುಗ್ಗಲಿಗೆ ಅದು ಎಲ್ಲಿ ಸಾಲುತ್ತದೆ? ಸೆಟ್ಟಿಂಗ್‌ನಲ್ಲಿ ಅಂಕಿ ಬದಲಾಯಿಸಲು ಅರ್ಧ ನಿಮಿಷ ಸಾಕು. ಆದರೆ ಆ್ಯಪ್ ನಿಲ್ಲಿಸಿ ಮತ್ತೆ ಶುರುಮಾಡದೆ ಹೊಸ ಅಂಕಿ ಅದರ ತಲೆಗೆ ಹೋಗುವುದಿಲ್ಲ, ಅದಕ್ಕೆ ಬೇಕಾದ ಪಾಸ್‌ವರ್ಡ್ ಮಾಲೀಕರ ಹತ್ತಿರ ಮಾತ್ರ ಇದೆ.

“ಹನ್ನೆರಡು ಕಳೀಲಿ ಪ್ರೇಮಾ,” ಅಂದರು ಅನಂತರಾಜು. “ಹೋದ್ಸಲ ಇದೇ ಟೈಮಲ್ಲಿ ಆಫ್ ಮಾಡಿ ಡಿಸ್ಕೇ ಹೋಯ್ತು.”

“ಹನ್ನೆರಡಕ್ಕೆ ಅರ್ಜಿನೇ ಮುಗ್ದೋಗುತ್ತೆ ಸಾರ್. ನಮ್ಮಣ್ಣನ ಮಗಳು ಕಾಯ್ತಾ ಕೂತವ್ಳೆ.”

ಟ್ರಸ್ಟಿನವರನ್ನು ಕೇಳಿದರೆ ಸಮಯ ಮುಂದೂಡಲು ಆಗುವುದಿಲ್ಲ ಅಂದರು. ಮತ್ತೆ ಬಂದು ಮಾಲೀಕರ ಮುಂದೆ ನಿಂತೆ, ಕೈ ಕೂಡ ಮುಗಿದೆ. ಅಳು ಬರುವಷ್ಟು ಸಿಟ್ಟು ನನಗೆ. ಹನ್ನೊಂದೂ ನಲವತ್ತಕ್ಕೆ ದೇವರ ಪಟದ ಕಡೆ ನೋಡಿ, “ಒಂದೇ ಸಲ ಕಣಮ್ಮ,” ಅಂದು ಪಾಸ್‌ವರ್ಡ್ ಹಾಕಿಕೊಟ್ಟರು.

ಆ ಮಾತೇ ನನ್ನನ್ನು ಕೆಡಿಸಿತು. ನಾಲ್ಕು ಜಿಬಿ ಹಾಕಿದ್ದರೆ ಸಾಕಿತ್ತು. ಅದೂ ಸಾಲದೆ ಹೋದರೆ ಇನ್ನೊಮ್ಮೆ ಇವರ ಕಾಲು ಹಿಡಿಯಬೇಕಲ್ಲ ಅಂತ ಎಂಟಕ್ಕೆ ಎಂಟೂ ಬರೆದುಬಿಟ್ಟೆ. ಮಷೀನಿಗೂ ಉಸಿರಾಡಲು ಒಂದಿಷ್ಟು ಮೆಮೊರಿ ಉಳಿಸಬೇಕು ಅನ್ನುವುದು ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠ.

ಹತ್ತು ನಿಮಿಷ ಚೆನ್ನಾಗಿ ಓಡಿತು. ಮಾನಸಾ ಫೋಟೊ ಹೋಯಿತು ಅಂದಳು, ಅಂಕಪಟ್ಟಿ ಹೋಯಿತು ಅಂದಳು. ಆಮೇಲೆ ಇಡೀ ಮಷೀನ್ ಕಲ್ಲಾಗಿ ಕೂತಿತು. ಯಾವ ಕೀ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಬಟನ್ ಅದುಮಿ ಆರಿಸಿದೆ. ಅದು ಮತ್ತೆ ಎದ್ದಾಗ ಹನ್ನೆರಡೂ ಐದು, ಅರ್ಜಿಯ ಪುಟ ಮುಚ್ಚಿಹೋಗಿತ್ತು.

ಅನಂತರಾಜು ಬೈಯಲಿಲ್ಲ. “ನಿನ್ ತಪ್ಪೇನೈತೆ ಬುಡು, ಹೊತ್ತೇ ಸರಿ ಇರ್ಲಿಲ್ಲ,” ಅಂತ ಕಾಫಿ ತರಿಸಿಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಎಂಟು ಬರೆದಿದ್ದನ್ನು ಹೇಳದೆ ಕಾಫಿ ಕುಡಿದೆ.

ಮತ್ತೆ ಮಾನಸಾಳ ಫೋನ್ ಬಂತು. ದನಿ ಸಣ್ಣಗಾಗಿತ್ತು.

“ನಂದೇ ತಪ್ಪು ಕಣತ್ತೆ. ಸರ್ಟಿಫಿಕೇಟಿಗೆ ಇನ್ನೂ ಮುಂಚೇನೇ ಓಡಾಡ್ಬೇಕಿತ್ತು, ಅಲ್ವಾ?”

“ಹೂಂ,” ಅಂದೆ.