ಕೆಂಪು ಚುಕ್ಕೆ ಇಲ್ಲದ ಕ್ರಿಸ್ಟಲ್

ಆವತ್ತು ಬೇಗೂರಿನ ಬಯಲಿನಲ್ಲಿ ನನಗೆ ಬಂದದ್ದು ಮದುವೆಯಾದ ಇಪ್ಪತ್ತೆರಡು ವರ್ಷದ ಸಿಟ್ಟು. ವಿಮಾನ ಬಿದ್ದದ್ದು ಬರೀ ನೆಪ.

ನನ್ನ ಗಂಡ ವೆಂಕಟಾಚಲ ಆಟದ ವಿಮಾನ ಹಾರಿಸುತ್ತಾರೆ. ಆಟದ್ದು ಎಂದರೆ ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಮಾಡೆಲ್ ಏರ್‌ಕ್ರಾಫ್ಟ್ ಅನ್ನಬೇಕು. ಪ್ರತಿ ಭಾನುವಾರ ಬೆಳಿಗ್ಗೆ ಜಯನಗರದಿಂದ ಹೊರಟು ಆ ಬಯಲಿನ ಕ್ಲಬ್ಬಿಗೆ ಹೋಗುತ್ತಿದ್ದೆವು. ರೆಕ್ಕೆ ಅಂಟಿಸುವುದು, ಹಾರಿಸುವುದು ಅವರ ಕೆಲಸ. ಒಳಗಿನ ರೇಡಿಯೋ ಪೂರ್ತಿ ನನ್ನದು, ಬೆಸುಗೆಯಿಂದ ಹಿಡಿದು ಕ್ರಿಸ್ಟಲ್ ಕೂರಿಸುವವರೆಗೆ. ಕ್ಲಬ್ಬಿನ ಗಂಡಸರ ಪಾಲಿಗೆ ಮಾತ್ರ ನಾನು ಉಪ್ಪಿಟ್ಟು ತರುವ ಮೇಡಂ.

ಕ್ರಿಸ್ಟಲ್ ಅಂದರೆ ಹುಣಸೆಬೀಜದಷ್ಟು ದೊಡ್ಡ, ಎರಡು ಕಾಲಿನ ಲೋಹದ ತುಣುಕು. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿಗೊಂದು, ವಿಮಾನದೊಳಗಿನ ರಿಸೀವರಿಗೊಂದು. ಎರಡರದ್ದೂ ಒಂದೇ ಚಾನೆಲ್ ನಂಬರಾಗಿರಬೇಕು. ಅಷ್ಟೇ ಸಾಲದು. ನಮ್ಮ ಹಳೆಯ ರಿಸೀವರಿಗೆ ಬೇಕಾದ ಕ್ರಿಸ್ಟಲ್ ಒಂದು ಜಾತಿ, ಹೊಸದಕ್ಕೆ ಇನ್ನೊಂದು. ನಂಬರು ಒಂದೇ, ನೋಡಲೂ ಒಂದೇ, ಅದರದ್ದನ್ನು ಇದಕ್ಕೆ ಹಾಕಿದರೂ ಕೂತುಬಿಡುತ್ತದೆ. ಹತ್ತಿರದಲ್ಲಿ ಕೆಲಸವೂ ಮಾಡುತ್ತದೆ. ದೂರ ಹೋದಾಗ ಕೈಕೊಡುತ್ತದೆ. ಅದಕ್ಕೇ ಹೊಸ ರಿಸೀವರಿನ ಕ್ರಿಸ್ಟಲ್‌ಗಳಿಗೆಲ್ಲ ಮಗಳು ಸುರಭಿಯ ನೈಲ್ ಪಾಲಿಶಿನಿಂದ ಕೆಂಪು ಚುಕ್ಕೆ ಇಟ್ಟು, ಒಂದು ಹಳೆಯ ಒಗ್ಗರಣೆ ಡಬ್ಬಿಯಲ್ಲಿ ವಿಂಗಡಿಸಿಟ್ಟಿದ್ದೆ.

ಒಂದೇ ಚಾನೆಲಿನಲ್ಲಿ ಇಬ್ಬರು ಆನ್ ಮಾಡಿದರೆ ವಿಮಾನ ಬೀಳುತ್ತದೆ. ಆದ್ದರಿಂದ ಬಯಲಿನಲ್ಲೊಂದು ಹಲಗೆ, ಅದಕ್ಕೆ ನಂಬರು ಬರೆದ ಬಟ್ಟೆ ಕ್ಲಿಪ್ಪುಗಳು. ನಿಮ್ಮ ನಂಬರಿನ ಕ್ಲಿಪ್ಪು ನಿಮ್ಮ ಹತ್ತಿರವಿದ್ದರೆ ಮಾತ್ರ ರೇಡಿಯೋ ಮುಟ್ಟಬಹುದು. ಆ ಕ್ಲಿಪ್ಪುಗಳೂ ನಮ್ಮ ಟೆರೇಸಿನ ಹಗ್ಗದಿಂದ ನಾನೇ ತಂದುಕೊಟ್ಟವು.

ತೊಂಬತ್ತೊಂಬತ್ತರ ಆ ಭಾನುವಾರ ಸಂಗಮೇಶ ನಮಗಿಂತ ಮೊದಲೇ ಬಂದಿದ್ದ. ಬಾಗಲಕೋಟೆ ಕಡೆಯವನು, ಬೀಟಿಎಂನಲ್ಲಿ ಬಾಡಿಗೆಗಿದ್ದು ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ. ಎಂಟು ತಿಂಗಳು ಕೂತು ಕಟ್ಟಿದ ವಿಮಾನಕ್ಕೆ ಯಾರೋ ಬಿಟ್ಟ ಹಳೆಯ ರೇಡಿಯೋ ಹಾಕಿಕೊಂಡು ಮೊದಲ ಸಲ ಹಾರಿಸಲು ಬಂದಿದ್ದ. ನಲವತ್ತೆಂಟರ ಕ್ಲಿಪ್ಪು ಅವನ ಜೇಬಿನಲ್ಲಿತ್ತು. ನಮ್ಮವರದ್ದೂ ನಲವತ್ತೆಂಟೇ. ಕಾಯುವುದು ಅವರ ಜಾಯಮಾನದಲ್ಲೇ ಇಲ್ಲ. ನಾನು ತಟ್ಟೆ ಒರೆಸುತ್ತಿದ್ದಾಗ ಡಬ್ಬಿ ತೆಗೆದು, ಐವತ್ತೆರಡರ ಕ್ರಿಸ್ಟಲ್ ಜೋಡಿ ಹಾಕಿಕೊಂಡು, ಹಲಗೆಯಿಂದ ಅದೇ ನಂಬರಿನ ಕ್ಲಿಪ್ಪು ಕಿತ್ತುಕೊಂಡು ವಿಮಾನ ಎಬ್ಬಿಸಿಯೇಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಕೆರೆಯ ಏರಿಯ ಮೇಲೆ ತಿರುಗುವಾಗ ವಿಮಾನ ಗಡಗಡ ನಡುಗಿ, ಮೂಗು ಕೆಳಗಾಗಿ ಬಿತ್ತು.

"ನಿನ್ನ ಡಕೋಟಾ ಸೆಟ್ಟು ನನ್ ಚಾನೆಲ್ ಮೇಲೆ ಬಂತು ಕಣೋ!" ನಮ್ಮವರು ಸಂಗಮೇಶನ ಮೇಲೆ ಎಗರಿ ಬಿದ್ದರು.

"ಇಲ್ರೀ ಸರ, ನಂದು ನಲವತ್ತೆಂಟು ಐತ್ರೀ. ಇನ್ನಾ ಆನ್ ಸುದ್ದಾ ಮಾಡಿಲ್ರೀ."

ಕ್ಲಬ್ಬಿನ ಅಧ್ಯಕ್ಷ ಗುರುಶಾಂತಪ್ಪ ಆಗಲೇ ನೋಟ್‌ಬುಕ್ ತೆಗೆದಿದ್ದರು. "ಇನ್ಮೇಲೆ ನೀನು ಇಲ್ಲಿಗೆ ಬರೋದ್ ಬೇಡಪ್ಪ," ಎಂದು ಅವನ ಹೆಸರಿನ ಮೇಲೆ ಪೆನ್ನು ಇಟ್ಟರು. ಸಂಗಮೇಶ ತನ್ನ ವಿಮಾನವನ್ನು ಎದೆಗೆ ಅವಚಿಕೊಂಡು ನಿಂತಿದ್ದ.

ನಾನು ಬಿದ್ದ ವಿಮಾನದ ಹೊಟ್ಟೆ ಬಿಚ್ಚಿದೆ. ಸ್ಪಂಜಿನಲ್ಲಿ ಸುತ್ತಿದ್ದ ಹೊಸ ರಿಸೀವರಿಗೆ ಏನೂ ಆಗಿರಲಿಲ್ಲ. ಒಳಗಿದ್ದ ಕ್ರಿಸ್ಟಲ್ ಐವತ್ತೆರಡರದ್ದೇ, ಆದರೆ ಅದರ ಮೇಲೆ ಕೆಂಪು ಚುಕ್ಕೆ ಇರಲಿಲ್ಲ.

"ರೀ, ಇದು ಹಳೇ ರಿಸೀವರ್‌ದು."

"ಏ ವಿಮಲಾ, ಮನೆಗ್ ಹೋಗಿ ಮಾತಾಡೋಣ."

"ಮೇಡಂ, ಇದೆಲ್ಲ ನಿಮಗೆ ಯಾಕೆ? ತಿಂಡಿ ಕೊಡಿ," ಎಂದು ಗುರುಶಾಂತಪ್ಪ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಸಿಗ್ನಲ್ ಕುಗ್ಗಲಿ ಎಂದು ನಮ್ಮವರ ಟ್ರಾನ್ಸ್‌ಮಿಟರಿನ ಆಂಟೆನಾ ಮಡಚಿ ಸಂಗಮೇಶನ ಕೈಗಿಟ್ಟು, "ಕಂಟ್ರೋಲ್ ಕಡ್ಡಿ ಅಲ್ಲಾಡಿಸ್ತಾ ಹಿಂದಕ್ಕೆ ನಡಿ," ಎಂದೆ. ಹೆಜ್ಜೆಗಳನ್ನು ಗಟ್ಟಿಯಾಗಿ ಎಣಿಸಿದೆ. ಒಂಬತ್ತಕ್ಕೇ ಮುರಿದ ಬಾಲ ದೆವ್ವ ಹಿಡಿದ ಹಾಗೆ ಬಡಿದುಕೊಂಡಿತು. ಕ್ರಿಸ್ಟಲ್ ಕಿತ್ತು ಕೆಂಪು ಚುಕ್ಕೆಯದ್ದನ್ನು ಹಾಕಿದೆ. ಹತ್ತು, ಇಪ್ಪತ್ತು, ಮೂವತ್ತು. ಅವನ ಕೈ ಆಡಿದಂತೆ ಬಾಲ ಆಡಿತು.

ಆಮೇಲೆ ಗುರುಶಾಂತಪ್ಪ ನಮ್ಮವರ ಭುಜ ತಟ್ಟಿ, "ಪರವಾಗಿಲ್ವೇ, ಮೇಡಂಗೆ ಚೆನ್ನಾಗಿ ಟ್ರೈನಿಂಗ್ ಕೊಟ್ಟಿದೀರಿ ಸಾರ್," ಎಂದರು.

ನನ್ನ ಗಂಡ ನಾಚಿಕೊಂಡಂತೆ ನಕ್ಕು ಹೇಳಿದರು: "ಏನೋ, ಸ್ವಲ್ಪ ಹೇಳ್ಕೊಟ್ಟಿದೀನಿ."

ನಾನು ಸೀದಾ ಹಲಗೆಯ ಹತ್ತಿರ ಹೋದೆ. ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು, ನಮ್ಮವರು ಅಂಗಿಗೆ ಸಿಕ್ಕಿಸಿಕೊಂಡಿದ್ದ ಐವತ್ತೆರಡರದ್ದನ್ನೂ ಕಿತ್ತು ಉಪ್ಪಿಟ್ಟಿನ ಚೀಲಕ್ಕೆ ಹಾಕಿದೆ.

"ಅಯ್ಯೋ ಮೇಡಂ, ಕ್ಲಿಪ್ ಇಲ್ದೆ ಹಾರಿಸೋ ಹಾಗಿಲ್ವಲ್ಲ!" ಎಂದು ಗುರುಶಾಂತಪ್ಪ ಓಡಿ ಬಂದರು.

"ಹಾರಿಸ್ಬೇಡಿ. ರೂಲ್ಸು ನಿಮ್ದು, ಕ್ಲಿಪ್ಪು ನಂದು. ಸಂಗಮೇಶ, ನಿನ್ ಹತ್ರ ಇದೆಯಲ್ಲ, ನೀನು ಹಾರ್ಸು."

ಅವನ ವಿಮಾನ ಎದ್ದಿತು. ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಆದರೂ ಕೆರೆ ಸುತ್ತಿ ಬಂತು. ಕ್ಲಬ್ಬಿನ ಗಂಡಸರೆಲ್ಲ ಕತ್ತೆತ್ತಿ ನೋಡುತ್ತಾ ನಿಂತರು. ಅದು ಇಳಿದ ಮೇಲೆ ನಮ್ಮವರು ನನ್ನ ಪಕ್ಕಕ್ಕೆ ಬಂದು, "ಮಾನ ಕಳೀಬೇಡ, ಕ್ಲಿಪ್ ಕೊಡು," ಎಂದು ಪಿಸುಗುಟ್ಟಿದರು.

"ಮೊದ್ಲು ಅವನಿಗೆ ತಪ್ಪಾಯ್ತು ಅನ್ನಿ. ಬೈದಷ್ಟೇ ಗಟ್ಟಿಯಾಗಿ."

ಅವರು ಸಂಗಮೇಶನ ಎದುರಿಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ತಪ್ಪಾಯ್ತು ಅಂದರು. ಸಂಗಮೇಶ, "ಇರ್ಲಿ ಬಿಡ್ರೀ ಸರ," ಎಂದ. ಗುರುಶಾಂತಪ್ಪ ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟರು.

"ಸಾಕಾ?" ನಮ್ಮವರು ನನ್ನ ಕಡೆ ತಿರುಗಿ ಕೈ ಚಾಚಿದರು.

"ಅವನಿಗೆ ಸಾಕು. ನನಗೆ?"

ಅವರಿಗೆ ಅರ್ಥವೇ ಆಗಲಿಲ್ಲ. ಅರ್ಥವಾಗದೆ ನಿಂತ ಆ ಮುಖ ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಚೀಲ ಹಿಡಿದು ಸ್ಕೂಟರಿನ ಹತ್ತಿರ ನಡೆದೆ. ಮರುದಿನ ಅವರ ಅಂಗಿಯನ್ನು ಟೆರೇಸಿನಲ್ಲಿ ಐವತ್ತೆರಡರ ಕ್ಲಿಪ್ಪು ಹಾಕಿ ಒಣಗಿಸಿದೆ.